ಪ್ರಶ್ನೋತ್ತರ: ರಿಫ್ರ್ಯಾಕ್ಟರಿ ಕಾಳಿನ ಒಳಗೇನಿದೆ?

ರಿಫ್ರ್ಯಾಕ್ಟರಿ ಎಂದರೆ ಹೆಚ್ಚು ಬಿಸಿ ತಾಳುವ ಮಾಲು. ಕುಲುಮೆಯ ಒಳಪದರಕ್ಕೆ ಬಳಸುವ ಬೆಂಕಿ ಇಟ್ಟಿಗೆ, ಕ್ಯಾಸ್ಟಬಲ್ (ನೀರು ಕಲಸಿ ಕಾಂಕ್ರೀಟಿನಂತೆ ಎರೆಯುವ ಮಾಲು), ರ‍್ಯಾಮಿಂಗ್ ಮಾಸ್ (ಬಡಿದು ತುಂಬುವ ಪುಡಿ) ಕುರಿತು ಬಂದ ಪತ್ರಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಕೇಳುವುದು ಒಂದನ್ನೇ: ರಾಸಾಯನಿಕ ವಿಶ್ಲೇಷಣೆ ಒಂದೇ ಇರುವ ಎರಡು ಮಾಲು ಬೆಂಕಿಯಲ್ಲಿ ಬೇರೆ ಬೇರೆ ಥರ ನಡೆದುಕೊಳ್ಳುವುದೇಕೆ? ಇಂಥ ಮಾಲಿನ ತೂಕದಲ್ಲಿ ಶೇ 60ರಿಂದ 75ರಷ್ಟು ದಪ್ಪ ಕಾಳು, ಅಂದರೆ ಅಗ್ರಿಗೇಟ್; ಉಳಿದದ್ದು ಕಾಳನ್ನು ಹಿಡಿದಿಡುವ ನುಣ್ಣನೆಯ ಪುಡಿ, ಅಂದರೆ ಮ್ಯಾಟ್ರಿಕ್ಸ್. ಈ ಸಲದ ಅಂಕಣ ಪೂರ್ತಿ ಆ ಕಾಳಿಗೇ ಮೀಸಲು.

ಲ್ಯಾಡಲ್‌ನ ವೆಲ್ ಬ್ಲಾಕ್‌ಗೆಂದು (ಕರಗಿದ ಉಕ್ಕು ಹೊರುವ ಪಾತ್ರೆಯ ತಳದಲ್ಲಿ ಉಕ್ಕು ಹೊರಬೀಳುವ ತೂತಿನ ಬ್ಲಾಕ್) ಎರಡು ಕಡೆಯಿಂದ ಕ್ಯಾಸ್ಟಬಲ್ ತರಿಸಿದ್ದೇವೆ. ಎರಡರಲ್ಲೂ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಶೇ 95ಕ್ಕಿಂತ ಹೆಚ್ಚು, ಸಿಮೆಂಟೂ ಒಂದೇ ಪ್ರಮಾಣ. ಒಂದು ಬಾಳುತ್ತಿದೆ, ಇನ್ನೊಂದು ಕೆಲವೇ ಹೀಟ್‌ಗಳಲ್ಲಿ (ಒಂದು ಸಲ ಲೋಹ ತುಂಬಿ ಖಾಲಿ ಮಾಡುವುದು ಒಂದು ಹೀಟ್) ಬಿರುಕು ಬಿಟ್ಟು ಪದರ ಉದುರುತ್ತಿದೆ. ಎಲ್ಲಿ ಹುಡುಕಬೇಕು?
– ಓದುಗರು, ತೋರಣಗಲ್ಲು

ಶೇ 95 ಎಂಬ ಅಂಕಿ ಅಲ್ಯೂಮಿನಾ ಎಷ್ಟಿದೆ ಎಂದಷ್ಟೇ ಹೇಳುತ್ತದೆ, ಯಾವ ರೂಪದಲ್ಲಿದೆ ಎಂದು ಹೇಳುವುದಿಲ್ಲ. ಈ ಮಟ್ಟದ ಕ್ಯಾಸ್ಟಬಲ್‌ನಲ್ಲಿ ಬರುವ ಕಾಳು ಮುಖ್ಯವಾಗಿ ಮೂರು: ಟ್ಯಾಬ್ಯುಲರ್ ಅಲ್ಯೂಮಿನಾ, ವೈಟ್ ಫ್ಯೂಸ್ಡ್, ಬ್ರೌನ್ ಫ್ಯೂಸ್ಡ್.

ಟ್ಯಾಬ್ಯುಲರ್ ಮಾಡುವಾಗ ನುಣ್ಣನೆಯ ಅಲ್ಯೂಮಿನಾ ಪುಡಿಯನ್ನು ಉಂಡೆ ಕಟ್ಟಿ 1,800 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ, ಆದರೆ ಕರಗದಂತೆ, ಸುಡುತ್ತಾರೆ. ಹರಳುಗಳು ಬೇಗ ಬೆಳೆದು 50ರಿಂದ 200 ಮೈಕ್ರಾನ್ ಗಾತ್ರಕ್ಕೆ ಬರುತ್ತವೆ. ಬೆಳೆಯುವ ಭರದಲ್ಲಿ ನಡುವೆ ಇದ್ದ ರಂಧ್ರಗಳನ್ನು ನುಂಗಿಬಿಡುತ್ತವೆ. ಹರಳಿನ ಒಳಗೆ ಹಾಗೆ ಸಿಕ್ಕಿಕೊಂಡ, ಕೆಲವೇ ಮೈಕ್ರಾನ್ ಅಗಲದ, ದುಂಡನೆಯ ಮುಚ್ಚಿದ ರಂಧ್ರಗಳೇ ಈ ಕಾಳಿನ ದೊಡ್ಡ ಗುಣ. ಬಿರುಕಿನ ಚೂಪಾದ ತುದಿ ಅಂಥ ರಂಧ್ರಕ್ಕೆ ಬಂದು ತಾಕಿದರೆ ಮೊಂಡಾಗುತ್ತದೆ, ಮುಂದೆ ಓಡಲು ಹೊಸದಾಗಿ ಶಕ್ತಿ ಬೇಕಾಗುತ್ತದೆ. ರಂಧ್ರ ಮುಚ್ಚಿರುವುದರಿಂದ ನೀರೂ ಒಳಹೋಗದು, ಸ್ಲ್ಯಾಗೂ (ಕರಗಿದ ಲೋಹದ ಮೇಲೆ ತೇಲುವ ಕಿಟ್ಟ) ಒಳಹೋಗದು.

ವೈಟ್ ಫ್ಯೂಸ್ಡ್ ಬರುವುದು ಆರ್ಕ್ ಫರ್ನೇಸ್‌ನಲ್ಲಿ 2,050 ಡಿಗ್ರಿಗೂ ಮೇಲೆ ಪೂರ್ತಿ ಕರಗಿಸಿ ಆರಿಸಿದ ಗಟ್ಟಿಯಿಂದ. ಹರಳು ದೊಡ್ಡದು, ಶುದ್ಧತೆಯೂ ಚೆನ್ನಾಗಿರುತ್ತದೆ. ಆದರೆ ಗಟ್ಟಿಯಾಗುವಾಗ ಕುಗ್ಗಿದ ಜಾಗ ಮತ್ತು ಅನಿಲ ಹೊರಬಿದ್ದ ದಾರಿ ತೆರೆದ ರಂಧ್ರಗಳಾಗಿ ಉಳಿಯುತ್ತವೆ. ಕೊನೆಗೆ ಗಟ್ಟಿಯಾಗುವ ಭಾಗದಲ್ಲಿ ಸೋಡಾ ಸೇರಿಕೊಂಡು ಬೀಟಾ ಅಲ್ಯೂಮಿನಾ ಕಟ್ಟುತ್ತದೆ. ಹೀಗಾಗಿ ಒಂದೇ ಗಟ್ಟಿಯ ಅಂಚಿನ ಕಾಳಿಗೂ ನಡುವಿನ ಕಾಳಿಗೂ ವ್ಯತ್ಯಾಸವಿರುತ್ತದೆ. ಬಾಕ್ಸೈಟ್ ಕರಗಿಸಿ ಮಾಡುವ ಬ್ರೌನ್ ಫ್ಯೂಸ್ಡ್ ಒತ್ತಾದ, ಗಡಸು ಕಾಳು. ಸವೆತಕ್ಕೆ ಚೆನ್ನಾಗಿ ನಿಲ್ಲುತ್ತದೆ. ಅದರ ಹರಳುಗಳ ಸಂದಿಯಲ್ಲಿ ಪೂರ್ಣ ಆಕ್ಸಿಡೀಕರಣವಾಗದ ಟೈಟೇನಿಯಂ ಸಂಯುಕ್ತಗಳು ಕೂತಿರುತ್ತವೆ. ಗಾಳಿಯಲ್ಲಿ ಮತ್ತೆ ಕಾಯಿಸಿದಾಗ ಅವು ಆಮ್ಲಜನಕ ಹೀರಿ ಉಬ್ಬಿ ಕಾಳನ್ನು ಒಳಗಿನಿಂದ ಸೀಳಬಲ್ಲವು.

ತೆರೆದ ರಂಧ್ರದ ಇನ್ನೊಂದು ಹಾನಿ ಮಿಕ್ಸರ್‌ನಲ್ಲೇ ಶುರುವಾಗುತ್ತದೆ. ಕಾಳು ನೀರು ಕುಡಿದುಬಿಟ್ಟರೆ ಮಾಲು ಹರಿಯುವುದಿಲ್ಲ, ಕೆಲಸಗಾರರು ಮತ್ತೆ ನೀರು ಹಾಕುತ್ತಾರೆ. ಸಾಂದ್ರತೆ 3ರ ಆಸುಪಾಸಿನ ಕ್ಯಾಸ್ಟಬಲ್‌ಗೆ ತೂಕದಲ್ಲಿ ಶೇ 1ರಷ್ಟು ಹೆಚ್ಚು ನೀರು ಹಾಕಿದರೆ, ಒಣಗಿದ ಮೇಲೆ ಗಾತ್ರದಲ್ಲಿ ಸುಮಾರು ಶೇ 3ರಷ್ಟು ರಂಧ್ರ ಹೆಚ್ಚಾಗಿರುತ್ತದೆ. ಶೇ 5 ನೀರಿನಲ್ಲಿ ಮುಗಿಯಬೇಕಾದ ಕೆಲಸ ಶೇ 6.5ಕ್ಕೆ ಹೋದರೆ ಎಷ್ಟು ನಷ್ಟವೆಂದು ನೀವೇ ಲೆಕ್ಕ ಹಾಕಬಹುದು.

ಈಗ ನಿಮ್ಮ ಕೈಲಾಗುವ ಪರೀಕ್ಷೆ. ಉದುರಿದ ತುಂಡಿನ ಒಡೆದ ಮುಖವನ್ನು ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿ. ಬಿರುಕು ಕಾಳನ್ನು ಸುತ್ತಿಕೊಂಡು ಹೋಗಿದ್ದರೆ ಮುಖ ಗಂಟುಗಂಟಾಗಿರುತ್ತದೆ. ಕಾಳನ್ನೇ ಸೀಳಿಕೊಂಡು ಹೋಗಿದ್ದರೆ ಮುಖ ಸಪಾಟಾಗಿರುತ್ತದೆ: ಒಂದೋ ಕಾಳು ಮೊದಲೇ ಒಳಬಿರುಕಿನದು, ಇಲ್ಲವೇ ಸುತ್ತಲಿನ ಮ್ಯಾಟ್ರಿಕ್ಸ್ ಅತಿಯಾಗಿ ಸಿಂಟರ್ ಆಗಿ, ಅಂದರೆ ಪೂರ್ತಿ ಕರಗದೆ ಬಿಸಿಗೇ ಬೆಸೆದುಕೊಂಡು, ಕಾಳಿನಷ್ಟೇ ಬಿಗಿಯಾಗಿದೆ. ಪದರ ಬಿಸಿ ಮುಖಕ್ಕೆ ಸಮಾಂತರವಾಗಿ, ಹಲವು ಹೀಟ್ ಆದ ಮೇಲೆ ಎದ್ದರೆ ಸ್ಲ್ಯಾಗ್ ಒಳಹೊಕ್ಕ ವಲಯವೂ ಕಾರಣವಿರಬಹುದು. ಮೊದಲ ಬಾರಿ ಕಾಯಿಸುವಾಗಲೇ ಸಿಡಿದಿದ್ದರೆ ಕಾಳನ್ನು ದೂರಬೇಡಿ. ಅದು ಒಣಗಿಸುವಲ್ಲಿ ಮಾಡಿದ ಅವಸರ, ಒಳಗೆ ಸಿಕ್ಕ ಹಬೆಯ ಒತ್ತಡ. ಮುಂದಿನ ಆರ್ಡರ್‌ನಲ್ಲಿ ಕಾಳಿನ ಜಾತಿಯನ್ನು ಹೆಸರಿಸಿ ಕೇಳಿ. ಟ್ಯಾಬ್ಯುಲರ್ ಆದರೆ ಬಲ್ಕ್ ಡೆನ್ಸಿಟಿ (ರಂಧ್ರವೂ ಸೇರಿದ ಗಾತ್ರದ ಸಾಂದ್ರತೆ) 3.5ಕ್ಕೆ ಕಡಿಮೆ ಇಲ್ಲದಂತೆ, ನೀರು ಹೀರಿಕೆ ಶೇ 1.5 ದಾಟದಂತೆ ಷರತ್ತು ಬರೆಸಿ.

ಸರ್, ಕಾಳಿನ ತೆರೆದ ಮತ್ತು ಮುಚ್ಚಿದ ರಂಧ್ರಗಳನ್ನು ಸಣ್ಣ ಲ್ಯಾಬ್‌ನಲ್ಲಿ ಅಳೆಯಬಹುದೇ? ನಮ್ಮಲ್ಲಿ ತಕ್ಕಡಿ, ಓವನ್, ವ್ಯಾಕ್ಯೂಮ್ ಪಂಪ್ ಮಾತ್ರ ಇವೆ.
– ಓದುಗರು, ಶಿವಮೊಗ್ಗ

ಅಷ್ಟೇ ಸಾಕು, ಜೊತೆಗೆ ತಕ್ಕಡಿಯ ಕೆಳಗೆ ತೂಗುಹಾಕಲು ಒಂದು ತಂತಿಬುಟ್ಟಿ, ಗಾಳಿ ಎಳೆಯಲು ಒಂದು ಡೆಸಿಕೇಟರ್ (ಗಾಳಿಯಾಡದ ಮುಚ್ಚಳದ ಪಾತ್ರೆ) ಇರಲಿ. 3ರಿಂದ 5 ಮಿ.ಮೀ. ಕಾಳನ್ನು ಜರಡಿ ಹಿಡಿದು, ತೊಳೆದು ದೂಳು ತೆಗೆಯಿರಿ. 110 ಡಿಗ್ರಿಯಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ ತೂಗಿ. ಇದು ಒಣ ತೂಕ. ಡೆಸಿಕೇಟರ್‌ನಲ್ಲಿಟ್ಟು ಗಾಳಿ ಎಳೆದು, ವ್ಯಾಕ್ಯೂಮ್ ಬಿಡದೆಯೇ ಕಾಳು ಮುಳುಗುವಷ್ಟು ನೀರು ಬಿಡಿ. ಗುಳ್ಳೆ ನಿಂತ ಮೇಲೂ ಅರ್ಧ ಗಂಟೆ ಹಾಗೇ ಇರಲಿ. ಆಮೇಲೆ ನೀರಿನೊಳಗೆ ತೂಗುಹಾಕಿದ ತೂಕ ನೋಡಿ (ಖಾಲಿ ಬುಟ್ಟಿಯ ತೂಕ ಕಳೆಯುವುದನ್ನು ಮರೆಯಬೇಡಿ), ಕೊನೆಗೆ ಒದ್ದೆ ಬಟ್ಟೆಯ ಮೇಲೆ ಉರುಳಿಸಿ ನೆನೆದ ತೂಕ ನೋಡಿ.

ಒಂದು ಲೆಕ್ಕ ನೋಡೋಣ. ಒಣ ತೂಕ 100.0 ಗ್ರಾಂ, ನೆನೆದ ತೂಕ 101.2, ನೀರಿನೊಳಗೆ 73.0 ಎಂದಿಟ್ಟುಕೊಳ್ಳಿ. ಕಾಳಿನ ಗಾತ್ರ 101.2ರಲ್ಲಿ 73.0 ಕಳೆದರೆ 28.2 ಘನ ಸೆಂ.ಮೀ. ಬಲ್ಕ್ ಡೆನ್ಸಿಟಿ 100 ಭಾಗಿಸು 28.2, ಅಂದರೆ ಸುಮಾರು 3.55. ಒಳಗೆ ಹೋದ ನೀರು 1.2 ಗ್ರಾಂ, ಆದ್ದರಿಂದ ತೆರೆದ ರಂಧ್ರ ಶೇ 4.3. ರಂಧ್ರವೇ ಇಲ್ಲದ ಅಲ್ಯೂಮಿನಾದ ಸಾಂದ್ರತೆ 3.98. ಅದಕ್ಕೆ ಹೋಲಿಸಿದರೆ ಒಟ್ಟು ರಂಧ್ರ ಸುಮಾರು ಶೇ 10.9; ತೆರೆದದ್ದನ್ನು ಕಳೆದರೆ ಮುಚ್ಚಿದ ರಂಧ್ರ ಶೇ 6.6. ಇದು ಟ್ಯಾಬ್ಯುಲರ್‌ಗೆ ಒಪ್ಪುವ ಚಿತ್ರ. ಇದೇ 3.55 ಡೆನ್ಸಿಟಿ ಇದ್ದು ತೆರೆದ ರಂಧ್ರವೇ ಶೇ 9 ಬಂದರೆ ಅದು ಬೇರೆಯೇ ಕಾಳು, ಡೆನ್ಸಿಟಿ ಎಷ್ಟೇ ಹೊಂದಲಿ.

ತಪ್ಪಾಗುವುದು ಹೆಚ್ಚಾಗಿ ಒರೆಸುವಾಗ. ಒಣ ಬಟ್ಟೆ ಬಳಸಿದರೆ ಅದು ರಂಧ್ರದೊಳಗಿನ ನೀರನ್ನೂ ಎಳೆದು ತೆರೆದ ರಂಧ್ರವನ್ನು ಕಡಿಮೆ ತೋರಿಸುತ್ತದೆ. ಕಾಳಿನ ಮೇಲೆ ನೀರಿನ ಪೊರೆ ಉಳಿದರೆ ಹೆಚ್ಚು ತೋರಿಸುತ್ತದೆ. ಕಾಳು ಸಣ್ಣದಾದಷ್ಟೂ ಈ ದೋಷ ದೊಡ್ಡದು, 2 ಮಿ.ಮೀ.ಗಿಂತ ಕೆಳಗಿನದಕ್ಕೆ ಈ ವಿಧಾನ ಬೇಡ. ಮ್ಯಾಗ್ನೀಷಿಯಾಕ್ಕೆ (ಮ್ಯಾಗ್ನೀಷಿಯಂ ಆಕ್ಸೈಡ್) ನೀರು ಬಳಸಲೇಬಾರದು, ಅದು ನೀರಿನೊಡನೆ ಕೂಡುತ್ತದೆ. ಸೀಮೆಎಣ್ಣೆ ಬಳಸಿ, ಅದರ ಸಾಂದ್ರತೆಯನ್ನು ಆ ದಿನದ ತಾಪದಲ್ಲಿ ಅಳೆದು ಲೆಕ್ಕಕ್ಕೆ ಸೇರಿಸಿ.

ಶೇ 85 ಅಲ್ಯೂಮಿನಾದ ಬಾಕ್ಸೈಟ್ ಇಟ್ಟಿಗೆ ಭಾರ ಹೊತ್ತು ಬಿಸಿಯಲ್ಲಿ ಕುಸಿಯುತ್ತದೆ, ಶೇ 60ರ ಆಂಡಲುಸೈಟ್ (ಅಲ್ಯೂಮಿನಾ–ಸಿಲಿಕಾ ಖನಿಜ) ಇಟ್ಟಿಗೆ ನಿಲ್ಲುತ್ತದೆ ಎಂದು ಪಾಠದಲ್ಲಿ ಕೇಳಿದೆ. ಅಲ್ಯೂಮಿನಾ ಹೆಚ್ಚಿದಷ್ಟೂ ಒಳ್ಳೆಯದಲ್ಲವೇ?
– ಲೋಹಶಾಸ್ತ್ರ ವಿದ್ಯಾರ್ಥಿನಿ, ಸುರತ್ಕಲ್

ಅಲ್ಲ. ಭಾರ ಹೊರುವ ಪ್ರಶ್ನೆ ಬಂದಾಗ ನೋಡಬೇಕಾದ್ದು ಗಾಜಿನಂಶ ಎಷ್ಟಿದೆ, ಎಲ್ಲಿ ಕೂತಿದೆ ಎಂಬುದನ್ನು. ಸುಟ್ಟ ಬಾಕ್ಸೈಟ್ ಕಾಳಿನಲ್ಲಿ ಕೊರಂಡಮ್, ಅಂದರೆ ಅಲ್ಯೂಮಿನಾ, ಹರಳುಗಳಿರುತ್ತವೆ, ಸ್ವಲ್ಪ ಮುಲ್ಲೈಟ್ (ಅಲ್ಯೂಮಿನಾ, ಸಿಲಿಕಾ ಕೂಡಿದ ಹರಳು), ಸ್ವಲ್ಪ ಅಲ್ಯೂಮಿನಿಯಂ ಟೈಟನೇಟ್ ಇರುತ್ತದೆ. ಇವೆಲ್ಲದರ ಸಂದಿಗಳಲ್ಲಿ ಸಿಲಿಕಾ, ಕಬ್ಬಿಣ, ಟೈಟೇನಿಯಾ, ಕ್ಷಾರ ಸೇರಿದ ಗಾಜು ಹರಡಿರುತ್ತದೆ. ಬಿಸಿಯಲ್ಲಿ ಈ ಗಾಜು ಮೆತ್ತಗಾದಾಗ ಹರಳುಗಳು ಒಂದರ ಮೇಲೊಂದು ಜಾರುತ್ತವೆ. ಹರಳು ಎಷ್ಟೇ ಗಟ್ಟಿಯಿದ್ದರೂ ಜಾರುವ ಜಾಗ ಅದರ ಹೊರಗಿದೆ.

ಆಂಡಲುಸೈಟ್ ಕಾಳು ಸುಮಾರು 1,300 ಡಿಗ್ರಿಯಿಂದ ಮೇಲಕ್ಕೆ ಮುಲ್ಲೈಟ್ ಮತ್ತು ಸಿಲಿಕಾ ಹೆಚ್ಚಿರುವ ಗಾಜಾಗಿ ಬದಲಾಗುತ್ತದೆ. ಇಲ್ಲೂ ಗಾಜಿದೆ, ನಿಜ. ಆದರೆ ಮೂಲ ಹರಳಿನ ದಿಕ್ಕನ್ನೇ ಹಿಡಿದು ಬೆಳೆದ ಮುಲ್ಲೈಟ್‌ನ ಒಳಗೆ, ಸೂಕ್ಷ್ಮ ನಳಿಗೆಗಳ ಜಾಲದಲ್ಲಿ, ಆ ಗಾಜು ಸೆರೆಯಾಗಿರುತ್ತದೆ. ಭಾರ ಹೊರುವುದು ಮುಲ್ಲೈಟ್‌ನ ಒಂಟಿ ಚೌಕಟ್ಟು; ಗಾಜಿಗೆ ಜಾರಿಸುವ ಅವಕಾಶವೇ ಇಲ್ಲ. ಬಿರುಕನ್ನು ಅಡ್ಡಗಟ್ಟುವಲ್ಲಿಯೂ ಆ ಜಾಲ ನೆರವಾಗುತ್ತದೆ.

ಬಾಕ್ಸೈಟ್ ಇಟ್ಟಿಗೆಯ ಇನ್ನೊಂದು ಸಂಗತಿಯೂ ಪರೀಕ್ಷೆಗೆ ಬರಬಹುದು. ಅದರ ಮ್ಯಾಟ್ರಿಕ್ಸ್‌ನಲ್ಲಿ ಜೇಡಿಯಿದ್ದರೆ, ಬಿಸಿಯಲ್ಲಿ ಜೇಡಿಯಿಂದ ಬಿಡುಗಡೆಯಾದ ಸಿಲಿಕಾ ಕಾಳಿನ ಅಂಚಿನ ಕೊರಂಡಮ್ ಜೊತೆ ಸೇರಿ ಹೊಸ ಮುಲ್ಲೈಟ್ ಕಟ್ಟುತ್ತದೆ. ಇದು ಹಿಗ್ಗುವ ಕ್ರಿಯೆ. ಕಾಳಿನ ಸುತ್ತ ಸಂದಿ ಬಿಡುತ್ತದೆ, ಇಟ್ಟಿಗೆಯೇ ಉಬ್ಬುತ್ತದೆ.

ಆಂಡಲುಸೈಟ್‌ನ ಇಬ್ಬರು ಸೋದರರಾದ ಕಯನೈಟ್, ಸಿಲಿಮನೈಟ್‌ಗಳ ರಾಸಾಯನಿಕ ಸೂತ್ರವೂ ಇದೇ. ಮುಲ್ಲೈಟ್ ಆಗುವಾಗ ಆಂಡಲುಸೈಟ್ ಗಾತ್ರದಲ್ಲಿ ಹಿಗ್ಗುವುದು ಸುಮಾರು ಶೇ 4, ಸಿಲಿಮನೈಟ್ ಶೇ 7–8, ಕಯನೈಟ್ ಶೇ 16–18. ಕಯನೈಟ್‌ನ ಸಾಂದ್ರತೆ 3.5ಕ್ಕಿಂತ ಮೇಲಿರುವುದೇ ಇದಕ್ಕೆ ಕಾರಣ: ಒತ್ತಾಗಿ ಕೂತದ್ದು ಸಡಿಲವಾಗುವಾಗ ಹೆಚ್ಚು ಜಾಗ ಕೇಳುತ್ತದೆ. ಆದ್ದರಿಂದ ಕಯನೈಟನ್ನು ಕಾಳಾಗಿ ಬಳಸುವ ಮುನ್ನ ಸುಟ್ಟು ಮುಲ್ಲೈಟ್ ಮಾಡಿಕೊಳ್ಳುತ್ತಾರೆ. ಹಸಿಯಾಗಿ ಸೇರಿಸುವುದು ಜೇಡಿಯ ಕುಗ್ಗುವಿಕೆಗೆ ಎದುರಾಗಿ ಹಿಗ್ಗಲೆಂದು, ಅದೂ ಅಳತೆ ಮಾಡಿ. ದಪ್ಪ ಕಯನೈಟ್ ಪುಡಿಗಿಂತ ನುಣ್ಣನೆಯದು ಕಡಿಮೆ ಹಿಗ್ಗಿಸುತ್ತದೆ. ಆದ್ದರಿಂದ ಪಾಕದಲ್ಲಿ ಶೇಕಡಾವಾರಿನ ಜೊತೆಗೆ ಜರಡಿ ಸಂಖ್ಯೆಯನ್ನೂ ಬರೆಯಬೇಕು. ಜಾರ್ಖಂಡ್‌ನ ಲಾಪ್ಸಾ ಬುರು ಕಯನೈಟ್‌ಗೆ ಹೆಸರಾದ ಜಾಗ, ಕರ್ನಾಟಕದಲ್ಲೂ ನಿಕ್ಷೇಪಗಳಿವೆ.

ಸಿಮೆಂಟ್ ಕಿಲ್ನ್‌ನ ಬರ್ನಿಂಗ್ ಝೋನ್‌ಗೆ (ಕುಲುಮೆಯ ಅತಿ ಬಿಸಿ ಭಾಗ) ಮ್ಯಾಗ್ನೀಷಿಯಾ–ಸ್ಪಿನೆಲ್ ಇಟ್ಟಿಗೆ ಹಾಕುತ್ತೇವೆ. ತಣ್ಣನೆಯ ಬಲ (ತಣ್ಣಗಿದ್ದಾಗ ತಾಳುವ ಒತ್ತಡ) ಕಡಿಮೆಯಿರುವ ಇಟ್ಟಿಗೆಯೇ ಹೆಚ್ಚು ದಿನ ಬಂದದ್ದನ್ನು ನೋಡಿ ಆಶ್ಚರ್ಯವಾಯಿತು. ಇದು ಆಕಸ್ಮಿಕವೇ?
– ಓದುಗರು, ಸೇಡಂ

ಆಕಸ್ಮಿಕವಲ್ಲ, ಆ ಇಟ್ಟಿಗೆಯನ್ನು ಹಾಗೆಂದೇ ರೂಪಿಸಿರುತ್ತಾರೆ. ಮ್ಯಾಗ್ನೀಷಿಯಾ ಬಿಸಿಗೆ ಬಹಳ ಹಿಗ್ಗುತ್ತದೆ, ಸ್ಪಿನೆಲ್ (ಮ್ಯಾಗ್ನೀಷಿಯಾ, ಅಲ್ಯೂಮಿನಾ ಕೂಡಿದ ಹರಳು) ಅದರ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ. ಇಟ್ಟಿಗೆ ಸುಟ್ಟು ತಣಿಯುವಾಗ ಸುತ್ತಲಿನ ಮ್ಯಾಗ್ನೀಷಿಯಾ ಹೆಚ್ಚು ಕುಗ್ಗಲು ನೋಡುತ್ತದೆ, ನಡುವಿನ ಸ್ಪಿನೆಲ್ ಕಾಳು ಬಿಡುವುದಿಲ್ಲ. ಆ ಎಳೆದಾಟದಲ್ಲಿ ಸ್ಪಿನೆಲ್ ಕಾಳಿನಿಂದ ಸುತ್ತಲೂ ಕಿರಣಗಳ ಹಾಗೆ ಸೂಕ್ಷ್ಮ ಬಿರುಕುಗಳು ಹೊರಡುತ್ತವೆ. ತಣ್ಣನೆಯ ಬಲ ಇಳಿಯುತ್ತದೆ, ಬಿಗಿತವೂ ಇಳಿಯುತ್ತದೆ. ಆದರೆ ಕಿಲ್ನ್ ನಿಂತು ಹೊರಟಾಗ, ಹೊರಗಿನ ಉಕ್ಕಿನ ಶೆಲ್ ಬಾಗಿದಾಗ ಹುಟ್ಟುವ ಒತ್ತಡ ಒಂದು ದೊಡ್ಡ ಬಿರುಕಾಗುವ ಬದಲು ಸಾವಿರ ಸಣ್ಣ ಬಿರುಕುಗಳಲ್ಲಿ ಹಂಚಿಹೋಗುತ್ತದೆ.

ಇದಕ್ಕೂ ಮಿತಿಯಿದೆ. ಸ್ಪಿನೆಲ್ ಕಾಳು ಅತಿ ದಪ್ಪವಾದರೆ ಅಥವಾ ಪ್ರಮಾಣ ಹೆಚ್ಚಾದರೆ ಸೂಕ್ಷ್ಮ ಬಿರುಕುಗಳು ಕೈಕೈ ಹಿಡಿದು ಸಾಲಾಗುತ್ತವೆ. ಇಟ್ಟಿಗೆ ಮೂಲೆ ಮುರಿಯುತ್ತದೆ, ಸವೆಯುತ್ತದೆ. ಸ್ಪಿನೆಲ್ ಮೊದಲೇ ತಯಾರಾದದ್ದೇ ಅಥವಾ ಅಲ್ಯೂಮಿನಾ ಸೇರಿಸಿ ಇಟ್ಟಿಗೆಯಲ್ಲೇ ಕಟ್ಟಿಸಿದ್ದೇ ಎಂದೂ ಕೇಳಿ. ಒಳಗೇ ಕಟ್ಟುವಾಗ ಗಾತ್ರ ಸುಮಾರು ಶೇ 8ರಷ್ಟು ಹಿಗ್ಗುವುದರಿಂದ ಬಿರುಕಿನ ಅಳತೆ ಹಿಡಿತದಲ್ಲಿಡುವುದು ಕಷ್ಟ. ನಿಮ್ಮ ಕಿಲ್ನ್‌ನಲ್ಲಿ ಪರ್ಯಾಯ ಇಂಧನ ಸುಡುತ್ತಿದ್ದರೆ ಕ್ಷಾರದ ಸಲ್ಫೇಟ್, ಕ್ಲೋರೈಡ್‌ಗಳು ಆವಿಯಾಗಿ ಬಂದು ಅದೇ ಸೂಕ್ಷ್ಮ ಬಿರುಕುಗಳಲ್ಲಿ ಗಟ್ಟಿಯಾಗುತ್ತವೆ. ಆಗ ಇಟ್ಟಿಗೆ ಮರಗಟ್ಟಿ ಬಿಸಿ ಮುಖಕ್ಕೆ ಸಮಾಂತರವಾಗಿ ಪದರ ಬಿಡುತ್ತದೆ. ಬಿಚ್ಚಿದ ಇಟ್ಟಿಗೆಯನ್ನು ಉದ್ದಕ್ಕೆ ಕೊಯ್ದು ನೋಡಿ: ಬಿಸಿ ಮುಖದ ಹಿಂದೆ ಬಣ್ಣ ಬದಲಾದ, ಒತ್ತಾದ ಪಟ್ಟಿ ಕಂಡರೆ ಅಪರಾಧಿ ಉಪ್ಪು, ಇಟ್ಟಿಗೆಯಲ್ಲ. ಕೊಯ್ಯಲು ನೀರು ಹಾಕಬೇಡಿ. ಉಪ್ಪು ಕರಗಿ ಸಾಕ್ಷಿಯೇ ಹೋಗುತ್ತದೆ.

ಇಂಡಕ್ಷನ್ ಫರ್ನೇಸ್‌ಗೆ ಸಿಲಿಕಾ ರ‍್ಯಾಮಿಂಗ್ ಮಾಸ್ ಬಳಸುತ್ತೇವೆ. ಈಚೆಗೆ ಬೇರೆ ಕ್ವಾರಿಯ ಕಲ್ಲಿನಿಂದ ಮಾಡಿದ ಮಾಲು ಬಂತು. ಸಿಲಿಕಾ ಶೇ 98.5, ಮೊದಲಿನಷ್ಟೇ. ಆದರೂ ಲೈನಿಂಗ್ ಬೇಗ ಬಿರುಕು ಬಿಡುತ್ತಿದೆ.
– ಫೌಂಡ್ರಿ ಮೇಲ್ವಿಚಾರಕರು, ಉದ್ಯಮಬಾಗ್, ಬೆಳಗಾವಿ

ಹೊಸ ಕಲ್ಲು ಕ್ವಾರ್ಟ್ಜೈಟೋ, ಬಂಡೆಯ ಸೀಳಿನಲ್ಲಿ ಸಿಗುವ ಬೆಣಚುಕಲ್ಲೋ ಮೊದಲು ನೋಡಿ. ಕ್ವಾರ್ಟ್ಜೈಟ್ ಕಾಳಿನಲ್ಲಿ ಸಣ್ಣ ಹರಳುಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಬೆಣಚುಕಲ್ಲಿನ ಕಾಳು ಬಹುಮಟ್ಟಿಗೆ ಒಂದೇ ದೊಡ್ಡ ಹರಳಿನ ಚೂರು. ಹೊಳೆಯುತ್ತದೆ, ಗಾಜಿನಂತೆ ಒಡೆಯುತ್ತದೆ. 573 ಡಿಗ್ರಿಯಲ್ಲಿ ಕ್ವಾರ್ಟ್ಜ್ ರೂಪ ಬದಲಿಸಿ ಹಠಾತ್ತನೆ ಹಿಗ್ಗುವಾಗ ಈ ದೊಡ್ಡ ಹರಳು ಸೀಳುತ್ತದೆ. ಮುಂದೆ ಕ್ರಿಸ್ಟೋಬಲೈಟ್ (ಹೆಚ್ಚು ಬಿಸಿಯಲ್ಲಿ ಸಿಲಿಕಾ ತಳೆಯುವ ಇನ್ನೊಂದು ಹರಳು ರೂಪ) ಆಗುವುದೂ ನಿಧಾನ. ಆ ಬದಲಾವಣೆಯಲ್ಲಿ ಸಾಂದ್ರತೆ 2.65ರಿಂದ 2.33ಕ್ಕೆ ಇಳಿಯುತ್ತದೆ, ಅಂದರೆ ಗಾತ್ರ ಸುಮಾರು ಶೇ 14 ಹೆಚ್ಚುತ್ತದೆ. ಮೊದಲ ಸಿಂಟರಿಂಗ್‌ನಲ್ಲಿ ಮುಗಿಯಬೇಕಾದ ಹಿಗ್ಗುವಿಕೆ ಹೀಟ್ ನಂತರ ಹೀಟ್‌ಗೆ ಮುಂದುವರಿದರೆ ಲೈನಿಂಗ್ ಸಡಿಲವಾಗುತ್ತದೆ.

ಮಾಲು ಬದಲಾಯಿಸುವವರೆಗೆ ಹೀಗೆ ನಡೆಸಿ. ಬೂದು ಎರಕಕ್ಕೆ ಬೋರಿಕ್ ಆಸಿಡ್ ಶೇ 1ರ ಆಸುಪಾಸು ಇರಲಿ. ಹೆಚ್ಚು ಹಾಕಿದರೆ ಬೇಗ ಸಿಂಟರ್ ಆಗುತ್ತದೆ ನಿಜ, ಆದರೆ ಗಾಜಿನಂಶ ಹೆಚ್ಚಿ ಲೈನಿಂಗ್ ಬೇಗ ತಿನ್ನಿಸಿಕೊಳ್ಳುತ್ತದೆ, ಸಿಂಟರ್ ಆದ ಪದರ ಬೇಕಾದ್ದಕ್ಕಿಂತ ಆಳಕ್ಕೆ ಇಳಿಯುತ್ತದೆ. ದಪ್ಪದ ಮೂರನೇ ಒಂದು ಪಾಲು, ಅಂದರೆ ಹೊರಗೆ ಸುತ್ತಿದ ವಿದ್ಯುತ್ ಕಾಯಿಲ್ ಕಡೆಯದು, ಸಡಿಲ ಪುಡಿಯಾಗಿಯೇ ಉಳಿಯಬೇಕು. ಬಿರುಕಿನಲ್ಲಿ ನುಸುಳಿದ ಲೋಹ ಅಲ್ಲಿಗೆ ಬಂದು ನಿಲ್ಲುತ್ತದೆ. ಮೊದಲ ಕಾಯಿಸುವಿಕೆಯಲ್ಲಿ ಗಂಟೆಗೆ 100 ಡಿಗ್ರಿ ಮೀರಬೇಡಿ, 573ರ ಆಚೀಚೆ ಇನ್ನೂ ನಿಧಾನಿಸಿ. ಕೊನೆಗೆ ಮಾಮೂಲಿ ಟ್ಯಾಪಿಂಗ್ (ಲೋಹ ಹೊರಸುರಿಯುವ) ತಾಪಕ್ಕಿಂತ 30ರಿಂದ 50 ಡಿಗ್ರಿ ಮೇಲೆ ಒಂದೆರಡು ಗಂಟೆ ಹಿಡಿಯಿರಿ. ಲೈನಿಂಗ್ ತಣಿಯುವಾಗ 270ರಿಂದ 220 ಡಿಗ್ರಿಯ ನಡುವೆ ಕ್ರಿಸ್ಟೋಬಲೈಟ್ ಜೋರಾಗಿ ಕುಗ್ಗುವುದರಿಂದ ಬಿರುಕು ಕಾಣುವುದು ಸಹಜ. ಭಾನುವಾರ ನಿಲ್ಲಿಸಿದ ಕುಲುಮೆಯನ್ನು ಸೋಮವಾರ ಒಮ್ಮೆಲೇ ಪೂರ್ತಿ ಪವರ್‌ಗೆ ಹಾಕಬಾರದು. ಚಾರ್ಜ್ (ಕುಲುಮೆಗೆ ತುಂಬಿದ ಲೋಹ) ಕರಗುವ ಮೊದಲೇ, ಸುಮಾರು 1,000 ಡಿಗ್ರಿಯವರೆಗೆ ನಿಧಾನವಾಗಿ ಹೋದರೆ ಬಿರುಕುಗಳು ಮುಚ್ಚಿಕೊಳ್ಳುತ್ತವೆ.

ಹಳೆಯ ಲೈನಿಂಗ್ ಒಡೆಯುವವರಿಗೆ ಕಣದೂಳು ತಡೆಯುವ ಒಳ್ಳೆಯ ಮಾಸ್ಕ್ ಕೊಡಲೇಬೇಕು. ಮೂಗಿಗೆ ಕಟ್ಟಿದ ಬಟ್ಟೆ ಸಾಲದು. ಕ್ರಿಸ್ಟೋಬಲೈಟ್ ದೂಳಿನಿಂದ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯಲ್ಲ.

ಶೇ 97 ಶುದ್ಧತೆಯ ಸಿಂಟರ್ಡ್ ಮ್ಯಾಗ್ನೀಷಿಯಾಕ್ಕಿಂತ ಅಷ್ಟೇ ಶುದ್ಧತೆಯ ಫ್ಯೂಸ್ಡ್ ದುಬಾರಿ. ಸ್ಲ್ಯಾಗ್ ಲೈನ್‌ಗೆ (ಲ್ಯಾಡಲ್ ಗೋಡೆಯಲ್ಲಿ ಸ್ಲ್ಯಾಗ್ ತಾಕುವ ಪಟ್ಟಿ) ಅದೇ ಬೇಕೇ?
– ಓದುಗರು, ಕೊಪ್ಪಳ

ಸ್ಲ್ಯಾಗ್ ಲೈನ್‌ಗಾದರೆ ಹೌದು. ಸಿಂಟರ್ಡ್‌ನಲ್ಲಿ ಹರಳು ಸಾಮಾನ್ಯವಾಗಿ 50ರಿಂದ 150 ಮೈಕ್ರಾನ್, ಫ್ಯೂಸ್ಡ್‌ನಲ್ಲಿ 500 ಮೈಕ್ರಾನ್ ದಾಟುತ್ತದೆ. ಸ್ಲ್ಯಾಗ್ ಒಳನುಗ್ಗುವುದು ಹರಳುಗಳ ಗಡಿಯಲ್ಲಿ. ಹರಳು ದೊಡ್ಡದಾದಷ್ಟೂ ಗಡಿ ಕಡಿಮೆ. ಶುದ್ಧತೆಯ ಜೊತೆಗೆ ಉಳಿದ ಶೇ 3ರಲ್ಲಿ ಸುಣ್ಣ ಮತ್ತು ಸಿಲಿಕಾದ ಅನುಪಾತವನ್ನೂ ಕೇಳಿ. ತೂಕದಲ್ಲಿ ಅದು 1.87ಕ್ಕಿಂತ ಮೇಲಿದ್ದರೆ ಗಡಿಯಲ್ಲಿ ಕೂರುವುದು 2,130 ಡಿಗ್ರಿಯವರೆಗೆ ಕರಗದ ಡೈಕ್ಯಾಲ್ಸಿಯಂ ಸಿಲಿಕೇಟ್. 1ರ ಹತ್ತಿರಕ್ಕೆ ಇಳಿದರೆ 1,500ರ ಆಸುಪಾಸಿನಲ್ಲೇ ಕರಗುವ ಮಾಂಟಿಸೆಲ್ಲೈಟ್ ಬರುತ್ತದೆ. ಸೇಲಂನ ಸಹಜ ಮ್ಯಾಗ್ನೆಸೈಟ್‌ನಲ್ಲಿ ಸಿಲಿಕಾ ಹೆಚ್ಚಿರುವುದು ಇದೇ ಕಾರಣಕ್ಕೆ ತೊಡಕು. ಲ್ಯಾಡಲ್‌ನ ಮಿಕ್ಕ ಗೋಡೆಗೆ ಒಳ್ಳೆಯ ಸಿಂಟರ್ಡ್ ಅಥವಾ ಎರಡರ ಮಿಶ್ರಣ ಸಾಕು.

ಬಿಚ್ಚಿದ ಹಳೆಯ ಇಟ್ಟಿಗೆಯನ್ನು ಪುಡಿ ಮಾಡಿ ಕಾಳಾಗಿ ಮತ್ತೆ ಬಳಸಬಹುದೇ?
– ಓದುಗರು, ಭದ್ರಾವತಿ

ಬಳಸಬಹುದು, ಆರಿಸಿ ಬಳಸಬೇಕು. ಮೊದಲು ಬಿಸಿ ಮುಖದ ಸ್ಲ್ಯಾಗ್ ಹತ್ತಿದ ಪದರ ಮತ್ತು ಅದರ ಹಿಂದಿನ ಬಣ್ಣಗೆಟ್ಟ ವಲಯವನ್ನು ಸುತ್ತಿಗೆಯಿಂದ ಬೇರ್ಪಡಿಸಿ. ಉಳಿದದ್ದನ್ನು ಪುಡಿ ಮಾಡಿದರೆ ಸಿಗುವ ಕಾಳು ಅಸಲಿ ಕಾಳಲ್ಲ. ಅಸಲಿ ಕಾಳಿನ ಮೇಲೆ ಹಳೆಯ ಮ್ಯಾಟ್ರಿಕ್ಸ್ ಅಂಟಿದ ಗಂಟು. ಆ ಅಂಟಿದ ಭಾಗದಲ್ಲಿ ತೆರೆದ ರಂಧ್ರ ಹೆಚ್ಚು, ಬಲ ಕಡಿಮೆ. ಇಂಪ್ಯಾಕ್ಟ್ ಕ್ರಷರ್‌ನಲ್ಲಿ ಎರಡು ಸಲ ಹಾಯಿಸಿದರೆ ಅದರಲ್ಲಿ ಬಹುಪಾಲು ಬಿಟ್ಟುಕೊಳ್ಳುತ್ತದೆ. 1 ಮಿ.ಮೀ.ಗಿಂತ ಸಣ್ಣದನ್ನು ಬೇರೆ ತೆಗೆಯಿರಿ, ಕಲ್ಮಶ ಸೇರುವುದು ಅದರಲ್ಲೇ. ಅಯಸ್ಕಾಂತ ಹಾಯಿಸಿ ಕಬ್ಬಿಣ ತೆಗೆಯಿರಿ, ಮೇಲೆ ಹೇಳಿದ ನೀರಿನ ಪರೀಕ್ಷೆ ಮಾಡಿ. ಮೊದಲು ಶೇ 10–20 ಬೆರೆಸಿ, ಒಳಪದರದ ಹಿಂದಿರುವ ಸೇಫ್ಟಿ ಲೈನಿಂಗ್‌ನಂಥ ಕಡೆ ಪರೀಕ್ಷಿಸಿ. ಸ್ಲ್ಯಾಗ್ ತಾಕುವ ಜಾಗಕ್ಕೆ ಬೇಡ.

ಹಳೆಯ ಮ್ಯಾಗ್ನೀಷಿಯಾ–ಕಾರ್ಬನ್ ಇಟ್ಟಿಗೆಯಾದರೆ ಇನ್ನೊಂದು ಎಚ್ಚರ. ಅದಕ್ಕೆ ಬೆರೆಸಿದ್ದ ಅಲ್ಯೂಮಿನಿಯಂ ಪುಡಿ ಬಳಕೆಯಲ್ಲಿ ಅಲ್ಯೂಮಿನಿಯಂ ಕಾರ್ಬೈಡ್ ಆಗಿರುತ್ತದೆ. ಮಳೆಗಾಲದ ತೇವ ತಾಕಿದರೂ ಸಾಕು, ಅದು ಹೈಡ್ರಾಕ್ಸೈಡ್ ಆಗಿ ಉಬ್ಬುತ್ತದೆ, ಮೀಥೇನ್ ಬಿಡುತ್ತದೆ. ಅಂಥ ಕಾಳಿನಿಂದ ಒತ್ತಿದ ಹೊಸ ಇಟ್ಟಿಗೆ ಗೋದಾಮಿನಲ್ಲೇ ಸೀಳಬಹುದು. ಪುಡಿ ಮಾಡಿದ ಕಾಳನ್ನು ಬಯಲಲ್ಲಿ ಹರಡಿ ನೀರು ಚಿಮುಕಿಸಿ ಈ ಕ್ರಿಯೆ ಮುಗಿಯಲು ಬಿಡಿ, ಆಮೇಲೆ ಪೂರ್ತಿ ಒಣಗಿಸಿ ಬಳಸಿ. ನೀರು ಮ್ಯಾಗ್ನೀಷಿಯಾಕ್ಕೂ ಒಗ್ಗದು, ಆದ್ದರಿಂದ ನೆನೆಹಾಕಿ ಮರೆತುಬಿಡಬೇಡಿ. ಕ್ರಿಯೆ ನಡೆಯುವಾಗ ಮುಚ್ಚಿದ ಕೋಣೆಯಲ್ಲಾಗಲಿ ಬೆಂಕಿಯ ಹತ್ತಿರವಾಗಲಿ ರಾಶಿ ಹಾಕುವುದು ಅಪಾಯ.